ಹಿಂದಕ್ಕೆ ಕೊಡದ ಕುರ್ಚಿ

ನಾಲ್ಕು ವಾರ ಕಳೆಯಬೇಕು. ಅದು ನಮ್ಮ ಡಿಪೋದ ನಿಯಮ. ವೀಲ್‌ಚೇರ್ ಎರವಲು ಪಡೆದವರು ತೀರಿಕೊಂಡರೆಂದು ಸುದ್ದಿ ಬಂದ ಮೇಲೆ ನಾಲ್ಕು ವಾರ ಆ ಮನೆಗೆ ನಾವು ಫೋನ್ ಮಾಡುವಂತಿಲ್ಲ. ಐದನೆಯ ವಾರ ಮಾಡಬೇಕು. ಆಗಲೂ ಮೊದಲ ಮಾತು ಕುರ್ಚಿಯದಾಗಬಾರದು. ಹೇಗಿದ್ದೀರಿ, ಊಟ ಮಾಡುತ್ತಿದ್ದೀರಾ, ಜೊತೆಗೆ ಯಾರಾದರೂ ಇದ್ದಾರಾ ಎಂದು ಕೇಳಬೇಕು. ಅತ್ತರೆ ಅಷ್ಟಕ್ಕೇ ಬಿಟ್ಟು ಮುಂದಿನ ವಾರ ಮತ್ತೆ ಮಾಡಬೇಕು. ಈ ಫೋನ್‌ಗಳನ್ನು ಕೆಲವು ವರ್ಷ ನಾನು ಮಾಡಿದೆ. "ನಿನ್ನ ದನಿ ಮೆತ್ತಗಿದೆ ಲವ್, ನೀನೇ ಮಾಡು" ಎಂದು ಡಿಪೋದ ಮೇಲ್ವಿಚಾರಕಿ ಹೇಳಿದ್ದರು. ಆಕೆ ಎಲ್ಲರನ್ನೂ ಲವ್ ಎಂದೇ ಕರೆಯುತ್ತಿದ್ದರು, ನಗರಾಡಳಿತದ ಕೌನ್ಸಿಲ್ ಅಧಿಕಾರಿಯನ್ನೂ ಸೇರಿಸಿ.

ಡಿಪೋ ಇದ್ದದ್ದು ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನ ಒಂದು ಹಳೆಯ ಚರ್ಚಿನ ಹಿಂದಿನ ಹಾಲಿನಲ್ಲಿ. ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು. ಕೌನ್ಸಿಲ್‌ನಲ್ಲಿ ಎಲ್ಲವೂ ಕಂಪ್ಯೂಟರಿಗೆ ಹೋಗಿತ್ತು, ನಮ್ಮಲ್ಲಿ ಇನ್ನೂ ಮರದ ಡ್ರಾಯರುಗಳು ಮತ್ತು ರಟ್ಟಿನ ಕಾರ್ಡುಗಳು. ಆಸ್ಪತ್ರೆಯವರು ಕಾಯಿಲೆಯವರನ್ನು ಮನೆಗೆ ಕಳಿಸುತ್ತಿದ್ದರು. ಕೌನ್ಸಿಲ್‌ನವರು ಮನೆಗೆ ಬಂದು ನೋಡಿ, ಏನು ಬೇಕೆಂದು ಬರೆದುಕೊಂಡು ಹೋಗಿ, ಸರದಿ ಬಂದಾಗ ಕೊಡುತ್ತಿದ್ದರು. ಈ ಎರಡರ ನಡುವಿನ ವಾರಗಳಲ್ಲಿ ಆ ಮನುಷ್ಯ ಎಲ್ಲಿ ಕೂರಬೇಕು, ಬಚ್ಚಲಿಗೆ ಹೇಗೆ ಹೋಗಬೇಕು? ನಮ್ಮ ಸಂಸ್ಥೆ ಇದ್ದದ್ದು ಅಷ್ಟಕ್ಕೆ. ವೀಲ್‌ಚೇರ್, ಕಮೋಡ್ ಕುರ್ಚಿ, ನಡೆಯಲು ಹಿಡಿದುಕೊಳ್ಳುವ ಫ್ರೇಮು, ಹಾಸಿಗೆಯ ಪಕ್ಕದ ಕಂಬಿ. ಯಾರು ಅರ್ಹರು, ಯಾರಲ್ಲ ಎಂದು ನಾವು ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಎತ್ತರ, ತೂಕ, ಬಾಗಿಲ ಅಗಲ ಎಷ್ಟು ಇಂಚು, ಮುಂಬಾಗಿಲಿಗೆ ಮೆಟ್ಟಿಲೆಷ್ಟು, ತಳ್ಳುವವರು ಯಾರು.

ನಮ್ಮ ರಿಪೇರಿಯವರು ಕಾರ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರಿಗೆ ಇದರ ಬಗ್ಗೆ ಸದಾ ಒಂದೇ ಗೊಣಗಾಟ. "ಇದು ಕೌನ್ಸಿಲ್ ಮಾಡಬೇಕಾದ ಕೆಲಸ. ನಾವು ಬೀಗ ಹಾಕಿದರೆ ನಾಳೆ ಅವರೇ ಮಾಡ್ತಾರೆ."

"ನಾಳೆ ಮಾಡ್ತಾರೆ," ಮೇಲ್ವಿಚಾರಕಿ ಹೇಳುತ್ತಿದ್ದರು. "ಇವತ್ತು ಮಂಗಳವಾರ. ವ್ಯಾನ್ ತೆಗಿ."

ವ್ಯಾನ್ ಹೊರಡುವುದು ಮಂಗಳವಾರ ಮತ್ತು ಶುಕ್ರವಾರ.

ನಾನು ಈ ಡಿಪೋಗೆ ಮೊದಲು ಬಂದದ್ದು ಎರವಲು ಪಡೆಯಲು. ನಮ್ಮನೆಯವರು ಮ್ಯಾಕಲ್ಸ್‌ಫೀಲ್ಡ್‌ನ ಔಷಧಿ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದರು. ನರಗಳ ಕಾಯಿಲೆ. ಮೊದಲು ಕೈ, ಆಮೇಲೆ ಕಾಲು, ಕೊನೆಗೆ ಕತ್ತು ಮತ್ತು ಮಾತು. ಕತ್ತು ನಿಲ್ಲದವರಿಗೆ ಬೇರೆ ಥರದ ಕುರ್ಚಿ ಬೇಕು. ಅದರ ಆಸನ ಮತ್ತು ಬೆನ್ನು ಒಟ್ಟಿಗೇ ಹಿಂದಕ್ಕೆ ವಾಲುತ್ತದೆ, ತಲೆಗೆ ಒರಗು ಇರುತ್ತದೆ. ಹಿಡಿಕೆಯ ಕೆಳಗೊಂದು ಸನ್ನೆಕೋಲು, ಸೈಕಲ್ ಬ್ರೇಕಿನ ಥರದ್ದು. ಅದನ್ನು ಒತ್ತಿದರೆ ವಾಲುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಅಂಥ ಕುರ್ಚಿಗಳು ಡಿಪೋದಲ್ಲಿ ಎರಡೇ ಇದ್ದವು. ಮೂವತ್ತೊಂದನೆಯ ನಂಬರಿನದು ನಮ್ಮ ಮನೆಗೆ ಬಂತು.

ಅವರು ಹೋಗಿ ಆರು ತಿಂಗಳಿಗೆ ನಾನು ಡಿಪೋದಲ್ಲಿ ಕೆಲಸಕ್ಕೆ ನಿಂತೆ, ಸಂಬಳವಿಲ್ಲದ ಕೆಲಸ. ಮನೆಯಲ್ಲಿ ಕೂತು ಕೂತು ಸಾಕಾಗಿತ್ತು, ಅಷ್ಟೆ. ಕಾರ್ಡುಗಳ ಜವಾಬ್ದಾರಿ ನನಗೆ ಬಂದ ವಾರವೇ ಒಂದು ಕೆಲಸ ಮಾಡಿದೆ. ಮೂವತ್ತೊಂದನೆಯ ಕಾರ್ಡನ್ನು 'ಹೊರಗಿದೆ' ಎಂಬ ಡ್ರಾಯರಿನಿಂದ ತೆಗೆದು 'ರಿಪೇರಿ' ಎಂಬ ಡ್ರಾಯರಿಗೆ ಹಾಕಿದೆ. ಕುರ್ಚಿ ನಮ್ಮ ಮುಂದಿನ ಕೋಣೆಯ ಕಿಟಕಿಯ ಬಳಿ ಅವರಿದ್ದಾಗ ಎಲ್ಲಿತ್ತೋ ಅಲ್ಲೇ ಇತ್ತು. ಪ್ರತಿ ಶನಿವಾರ ಧೂಳು ಒರೆಸುತ್ತಿದ್ದೆ. ಬೇರೆಯವರ ಮನೆಗಳಿಗೆ ಐದನೆಯ ವಾರ ಫೋನ್ ಮಾಡಿ ಕುರ್ಚಿ ಕೇಳುತ್ತಿದ್ದೆ. ಹೀಗೆ ಎರಡು ವರ್ಷ ನಡೆಯಿತು.

ಆ ಸೆಪ್ಟೆಂಬರಿನಲ್ಲಿ ನಮ್ಮ ಕಡೆಯ ಒಬ್ಬ ಡಾಕ್ಟರ ಮನೆಯಿಂದ ಕರೆ ಬಂತು. ಧಾರವಾಡದವರು. ಜಿಪಿ, ಅಂದರೆ ಬಡಾವಣೆಯ ಕುಟುಂಬ ವೈದ್ಯರಾಗಿದ್ದು ನಿವೃತ್ತರಾದವರು. ನಮ್ಮ ಹಳೆಯ ಕಾರ್ಡುಗಳಲ್ಲಿ ಅವರ ಕೈಬರಹದ ಚೀಟಿಗಳು ಎಷ್ಟೋ ಇದ್ದವು: ಈ ರೋಗಿಗೆ ದಯವಿಟ್ಟು ಒಂದು ವೀಲ್‌ಚೇರ್ ಕೊಡಿ ಎಂದು. ಈಗ ಅದೇ ನರಗಳ ಕಾಯಿಲೆ ಅವರಿಗೇ ಬಂದಿತ್ತು. ಅವರ ಹೆಂಡತಿಯನ್ನು ಯುಗಾದಿ ಊಟಗಳಲ್ಲಿ ನೋಡಿದ್ದೆ. ನನಗಿಂತ ಹತ್ತು ವರ್ಷ ದೊಡ್ಡವರು. ಅಕ್ಕ ಎನ್ನುತ್ತಿದ್ದೆ.

ಬಾಗಿಲು ಅಳೆಯಲು ನಾನೇ ಟೇಪು ಹಿಡಿದು ಹೋದೆ. ಹಾಲ್‌ನ ಬಾಗಿಲು ಇಪ್ಪತ್ತೊಂಬತ್ತು ಇಂಚು, ಬಚ್ಚಲಿನದು ಇಪ್ಪತ್ತಾರು. ಅಕ್ಕ ಚಹಾ ಕೊಟ್ಟು ಮೆಲ್ಲಗೆ ಕೇಳಿದರು.

"ಕುರ್ಚಿ ಹೊಸಾದು ಕೊಡ್ತಾರೇನ್ರಿ? ಯಾರೋ ಕೂತು ಹೋದದ್ದು ಬ್ಯಾಡ ನನಗ."

ಅವರ ಮಾತಿನ ಅರ್ಥ ನನಗೆ ಗೊತ್ತಿತ್ತು. ನಮ್ಮಲ್ಲಿ ಸತ್ತವರ ಹಾಸಿಗೆ ಹೊದಿಕೆಯನ್ನು ಮನೆಯಲ್ಲಿಟ್ಟುಕೊಳ್ಳುವುದಿಲ್ಲ. ಬದುಕಿರುವವರನ್ನು ಅದರ ಮೇಲೆ ಕೂರಿಸುವುದಂತೂ ಇಲ್ಲ. ಡಿಪೋದಲ್ಲಿ ಹೊಸದು ಎಂಬ ವಸ್ತುವೇ ಇರಲಿಲ್ಲ. ಅಷ್ಟನ್ನು ಹೇಳಬೇಕಿತ್ತು. ಅಂದು ನನಗೆ ಇನ್ನೂ ಎರಡು ಮನೆಗಳಿದ್ದವು, ಸುಸ್ತಾಗಿತ್ತು. "ಹೊಸದೇ ಅಕ್ಕ, ಯೋಚನೆ ಮಾಡ್ಬೇಡಿ" ಎಂದುಬಿಟ್ಟೆ.

ಡಿಪೋದಲ್ಲಿ ಇದ್ದುದರಲ್ಲಿ ಚೆನ್ನಾಗಿರುವ ಕುರ್ಚಿಯೊಂದನ್ನು ಆರಿಸಿದೆ. ಆಗಿನ್ನೂ ಡಾಕ್ಟರ ಕತ್ತು ನಿಲ್ಲುತ್ತಿತ್ತು, ಸಾಮಾನ್ಯ ಕುರ್ಚಿ ಸಾಕಿತ್ತು. ಬಿಸಿ ಸೋಪು ನೀರಿನಲ್ಲಿ ತೊಳೆದು, ಕ್ರಿಮಿನಾಶಕದಲ್ಲಿ ಒರೆಸಿ, ನಂಬರಿನ ಬಿಲ್ಲೆಯನ್ನು ಬಟ್ಟೆಯ ಒಳಗೆ ತಿರುಗಿಸಿ ಕಾಣದಂತೆ ಮಾಡಿದೆ. ಟೈರಿಗೆ ಗಾಳಿ, ಬ್ರೇಕು, ಕಾಲಿಡುವ ತಟ್ಟೆಗಳ ಎಡ ಬಲ, ಎಲ್ಲ ನೋಡಿದೆ. ಕುರ್ಚಿಯ ಬೆನ್ನ ಹಿಂದಿನ ಚೀಲಕ್ಕೆ ಕೈ ಹಾಕಿ ನೋಡಬೇಕೆಂದು ನಮ್ಮ ತಪಾಸಣೆ ಪಟ್ಟಿಯಲ್ಲಿ ಬರೆದಿದೆ. ಅದನ್ನು ಮರೆತೆ.

ಮಂಗಳವಾರ ಕುರ್ಚಿ ಹೋಯಿತು. ಬುಧವಾರ ಅಕ್ಕ ಫೋನ್ ಮಾಡಿದರು.

"ಚೀಲದಾಗ ಚಷ್ಮಾ ಸಿಕ್ತರಿ. ಮ್ಯಾಲೆ ಹೆಸರೂ ಐತಿ. ಮುದುಕಿ ಹೆಸರು. ಯಾರಿವರು?"

ನಾನು ಡ್ರಾಯರಿನಿಂದ ಆ ಕುರ್ಚಿಯ ಕಾರ್ಡು ಎಳೆದೆ.

"ಅದಾರೋ ಇಲ್ಲೋ, ಅಷ್ಟರ ಹೇಳ್ರಿ."

"ಇಲ್ಲ ಅಕ್ಕ."

"ಹೊಸಾದು ಅಂದಿದ್ರಿ. ಇಂಗ್ಲಿಷ್ ಮಂದಿ ಅಂದಿದ್ರ ತಿಳೀದ ಅಂದಾರ ಅಂತಿದ್ದೆ. ನೀವ? ಒಯ್ರಿ ಇದನ್ನ. ನಮ್ಮವರು ಇನ್ನೂ ಅದಾರ. ಸತ್ತವರ ಕುರ್ಚ್ಯಾಗ ಅವರನ್ನ ಕೂಡಸೂದಿಲ್ಲ ನಾ."

ಶುಕ್ರವಾರ ವ್ಯಾನ್ ಅದನ್ನು ವಾಪಸು ತಂದಿತು. ಡಾಕ್ಟರು ಅದಾದ ಮೇಲೆ ಊಟದ ಮೇಜಿನ ಕುರ್ಚಿಯಲ್ಲೇ ಕೂರುತ್ತಿದ್ದರಂತೆ. ಅಕ್ಟೋಬರಿನಲ್ಲಿ ಒಂದು ದಿನ ಅದರಿಂದ ಜಾರಿ ಬಿದ್ದು ಸೊಂಟಕ್ಕೆ ಏಟಾಗಿ ಆಸ್ಪತ್ರೆ ಸೇರಿದರು. ನಿಮ್ಮ ಸುಳ್ಳಿನಿಂದ ಹೀಗಾಯಿತೆಂದು ಯಾರೂ ನನಗೆ ಹೇಳಲಿಲ್ಲ. ಕಾರ್ಡಿನಲ್ಲಿ 'ಕುಟುಂಬದವರು ಬೇಡವೆಂದರು' ಎಂದು ಬರೆದಿತ್ತು. ಬರೆದದ್ದು ನಾನೇ.

ನವೆಂಬರಿನಲ್ಲಿ ಆಸ್ಪತ್ರೆಯಿಂದ ವ್ಯಾಯಾಮ ಮಾಡಿಸುವಾಕೆ ಡಿಪೋಗೆ ಫೋನ್ ಮಾಡಿದಳು. ಡಾಕ್ಟರ ಸೊಂಟ ಗುಣವಾಗಿತ್ತು, ಆದರೆ ಕತ್ತು ಬಿದ್ದುಹೋಗಿತ್ತು. ಹಾಸಿಗೆ ಖಾಲಿಯಾಗಬೇಕು. ವಾಲುವ ಕುರ್ಚಿ ಇದ್ದರೆ ಮನೆಗೆ ಕಳಿಸುತ್ತಾರೆ. ಇಲ್ಲವಾದರೆ ಬರುವ ಸೋಮವಾರ ನರ್ಸಿಂಗ್ ಹೋಮಿಗೆ, ಅದೂ ಎಲ್ಲಿ ಜಾಗ ಸಿಗುತ್ತದೋ ಅಲ್ಲಿಗೆ. ಕೌನ್ಸಿಲ್ ಪಟ್ಟಿಯಲ್ಲಿ ಅವರ ಸರದಿ ಬರುವುದು ಹೊಸ ವರ್ಷ ಕಳೆದ ಮೇಲೆ. ಡಾಕ್ಟರು ಕೇಳುತ್ತಿರುವುದು ಒಂದೇ, ಮನೆಗೆ ಕಳಿಸಿ ಎಂದು.

ಮೇಲ್ವಿಚಾರಕಿ ಫೋನ್ ಇಟ್ಟು ಡ್ರಾಯರು ಎಳೆದರು.

"ನಮ್ಮಲ್ಲಿ ಎರಡಿವೆ. ಒಂದು ಒಬ್ಬ ಟೀಚರ್ ಹತ್ತಿರ, ಇನ್ನೂ ಅದರಲ್ಲೇ ಕೂರುತ್ತಾರೆ, ಅದನ್ನು ಕೇಳುವ ಹಾಗಿಲ್ಲ. ಇನ್ನೊಂದು ರಿಪೇರಿಯಲ್ಲಿ."

"ನನ್ನ ಹತ್ತಿರ ಇಲ್ಲ," ಎಂದರು ರಿಪೇರಿಯವರು ಸ್ಪ್ಯಾನರ್ ಒರೆಸುತ್ತಾ. "ಮೂವತ್ತೊಂದಾ? ಅದನ್ನ ನಾನು ಯಾವತ್ತೂ ಬಿಚ್ಚಿಲ್ಲ."

ಮೇಲ್ವಿಚಾರಕಿ ಕಾರ್ಡನ್ನು ತಿರುಗಿಸಿ ಹಿಂದೆ ಮುಂದೆ ನೋಡಿದರು. ಅದರ ಮೇಲೆ ನಮ್ಮನೆಯವರ ಹೆಸರಿತ್ತು, ನಮ್ಮಿಬ್ಬರ ಅಡ್ಡಹೆಸರು ಒಂದೇ. ಆಕೆ ಎರಡು ವರ್ಷದಿಂದ ಇದನ್ನು ಬಲ್ಲರೆಂದು ಆಗ ನನಗೆ ತಿಳಿಯಿತು. ಬಯ್ಯಬಹುದಿತ್ತು. ಬಯ್ಯಲಿಲ್ಲ.

"ಆ ರಿಪೇರಿ ಇನ್ನೂ ಮುಗಿದಿಲ್ವಾ, ಲವ್?" ಎಂದರು.

ನಾನು ಕೋಟು ಹಾಕಿಕೊಂಡು ಮನೆಗೆ ಹೋದೆ. ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ದಾರಿಯಲ್ಲಿ ಬೇರೆ ದಾರಿಗಳನ್ನು ಯೋಚಿಸಿದೆ. ಬೋಲ್ಟನ್ನಿನಲ್ಲಿ ಇಂಥದೇ ಒಂದು ಸಂಸ್ಥೆ ಇದೆ, ಲೀಡ್ಸ್‌ನಲ್ಲಿ ಒಂದಿದೆ, ಅವರನ್ನು ಕೇಳಬಹುದು. ಮನೆ ತಲುಪಿದ್ದೇ ಎರಡೂ ಕಡೆ ಫೋನ್ ಮಾಡಿದೆ. ಒಂದು ಕಡೆ ಇರಲಿಲ್ಲ. ಇನ್ನೊಂದು ಕಡೆಯ ಹೆಂಗಸು ಒಳ್ಳೆಯವಳು. "ನಮ್ಮದು ಒಂದು ಮನೆಯಲ್ಲಿದೆ, ಅವರು ತೀರಿಕೊಂಡು ಬಹಳ ದಿನವಾಯಿತು, ಹೆಂಡತಿ ವಾಪಸು ಕೊಡ್ತಿಲ್ಲ. ಏನು ಮಾಡೋದು, ಒತ್ತಾಯ ಮಾಡೋಕಾಗಲ್ಲ" ಎಂದಳು. ಹೌದು ಎಂದೆ. ಫೋನ್ ಇಟ್ಟು ಕುರ್ಚಿಯ ಎದುರು ಸೋಫಾದ ಮೇಲೆ ತುಸು ಹೊತ್ತು ಕೂತಿದ್ದೆ. ಆಮೇಲೆ ಡಿಪೋಗೆ ಫೋನ್ ಮಾಡಿ ವ್ಯಾನ್ ಕಳಿಸಲು ಹೇಳಿದೆ. ಅಂದು ಬುಧವಾರ. ನಮ್ಮ ವ್ಯಾನ್ ಬುಧವಾರ ಹೊರಡುವುದಿಲ್ಲ, ಆದರೆ ಬಂತು.

ರಿಪೇರಿಯವರು ಒಳಗೆ ಬಂದು ಕುರ್ಚಿಯನ್ನು ಸುತ್ತ ನೋಡಿದರು. ಎರಡು ಟೈರೂ ಗಾಳಿ ಇಳಿದು ಚಪ್ಪಟೆಯಾಗಿದ್ದವು. ಸನ್ನೆ ಒತ್ತಿದರೆ ಅಲುಗಲಿಲ್ಲ. ಒಳಗಿನ ತಂತಿ ತುಕ್ಕು ಹಿಡಿದು ಅಂಟಿಕೊಂಡಿತ್ತು.

"ಸುಳ್ಳಲ್ಲ ಬಿಡು," ಎಂದರು. "ರಿಪೇರಿ ಇದೆ."

ತಯಾರಕರಿಂದ ಹೊಸ ತಂತಿ ತರಿಸಲು ಹತ್ತು ದಿನ. ನಮಗಿದ್ದದ್ದು ಗುರುವಾರ ಒಂದೇ ದಿನ. ಶುಕ್ರವಾರದ ವ್ಯಾನಿಗೆ ಹೋಗಲೇಬೇಕು. ಬೆಳಗ್ಗೆ ಅವರು ಸೈಕಲ್ ಅಂಗಡಿಯಿಂದ ಬ್ರೇಕಿನ ತಂತಿ ತಂದರು. ಅದು ಕೊಳವೆಯೊಳಗೆ ಸಡಿಲವಾಯಿತು, ಸನ್ನೆ ಬಿಟ್ಟರೂ ಕುರ್ಚಿ ನಿಲ್ಲದೆ ಜಾರುತ್ತಿತ್ತು. ಬಿಚ್ಚಿದರು. ಮಧ್ಯಾಹ್ನ ಇನ್ನೂ ದಪ್ಪನೆಯದು ತಂದು, ತುದಿ ಕತ್ತರಿಸಿ, ಎಣ್ಣೆ ಬಿಟ್ಟು ಮತ್ತೆ ಕಟ್ಟಿದರು. ಮೂರು ಗಂಟೆಯ ಹೊತ್ತಿಗೆ ಖಾಲಿ ಕುರ್ಚಿ ಸರಿಯಾಗಿ ವಾಲಿ ನಿಲ್ಲತೊಡಗಿತು.

"ಭಾರ ಹಾಕಿ ನೋಡಬೇಕು. ನಾನು ಹಿಂದಿನಿಂದ ಸನ್ನೆ ಹಿಡೀಬೇಕಲ್ಲ. ನೀನು ಕೂತ್ಕೋ."

ಎರಡು ವರ್ಷ ಒರೆಸಿದ್ದೆ. ಒಂದು ಸಲವೂ ಅದರಲ್ಲಿ ಕೂತಿರಲಿಲ್ಲ. ಕೂತೆ. ಅವರು ಸನ್ನೆ ಒತ್ತಿದರು. ಕಾಲು ಮೇಲೆದ್ದಿತು, ತಲೆ ಹಿಂದಕ್ಕೆ ಹೋಯಿತು, ಹಾಲ್‌ನ ಗೋಡೆಗಳೆಲ್ಲ ಕೆಳಗಿಳಿದವು. ಮೇಲೆ ಟ್ಯೂಬ್‌ಲೈಟ್. ನೇರ ಕಣ್ಣೊಳಗೆ. ತಲೆ ಎರಡೂ ಕಡೆಯ ಒರಗಿನ ನಡುವೆ ಸಿಕ್ಕಿಕೊಂಡಿತ್ತು. ತಿರುಗಿಸಲು ನೋಡಿದೆ, ಕತ್ತು ಗಟ್ಟಿಯಿದ್ದ ನನಗೇ ಸುಲಭವಾಗಲಿಲ್ಲ. ಕಣ್ಣು ಮುಚ್ಚಿಕೊಂಡೆ.

ಮಾತು ಹೋದ ಮೇಲಿನ ತಿಂಗಳುಗಳಲ್ಲಿ ನಮ್ಮನೆಯವರು ಸಂಜೆಯಾದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೆಲಸ ಮುಗಿಸಿ, ದೀಪ ಹಾಕಿ, ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ನಾನು ಅವರ ಪಕ್ಕ ಕೂರುತ್ತಿದ್ದೆ. ಬೀದಿಯಲ್ಲಿ ಏನಾಯಿತು, ಊರಿನಿಂದ ಯಾರ ಫೋನ್ ಬಂತು ಎಂದೆಲ್ಲ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚುತ್ತಿದ್ದರು. ನನ್ನ ಮಾತು ಸಾಕಾಗಿದೆ, ಅಥವಾ ನನ್ನನ್ನು ನೋಡುವುದೇ ಸಾಕಾಗಿದೆ ಎಂದುಕೊಂಡು ನಾನು ಸುಮ್ಮನಾಗುತ್ತಿದ್ದೆ. ಕೊನೆಯ ವಾರಗಳಲ್ಲಿ ಮಾತಾಡುವುದನ್ನೇ ಬಿಟ್ಟಿದ್ದೆ. ನಮ್ಮ ಮುಂದಿನ ಕೋಣೆಯ ಬಲ್ಬು ಕಿಟಕಿಯ ಬಳಿ, ಕುರ್ಚಿಯ ನೆತ್ತಿಯ ಮೇಲೇ ಇದೆ.

"ಸರಿಯಾಗಿದೆಯಾ?" ರಿಪೇರಿಯವರು ಕೇಳಿದರು.

"ಸರಿಯಾಗಿದೆ. ಮೇಲೆತ್ತಿ" ಎಂದೆ.

ಶುಕ್ರವಾರ ವ್ಯಾನಿನಲ್ಲಿ ನಾನೂ ಹೋದೆ. ಡಾಕ್ಟರನ್ನು ಆಂಬ್ಯುಲೆನ್ಸಿನವರು ಬೆಳಗ್ಗೆಯೇ ತಂದು ಮುಂದಿನ ಕೋಣೆಯ ಮಂಚದ ಮೇಲೆ ಮಲಗಿಸಿದ್ದರು. ಕುರ್ಚಿ ಸಂಜೆಯೊಳಗೆ ಬರದಿದ್ದರೆ ವಾಪಸು ಕರೆದೊಯ್ಯುತ್ತೇವೆಂದು ಹೇಳಿ ಹೋಗಿದ್ದರಂತೆ. ಅಕ್ಕ ಬಾಗಿಲಲ್ಲೇ ನಿಂತರು. ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು.

"ಇದೂ ಹೊಸಾದೇನು?"

"ಇಲ್ಲ ಅಕ್ಕ. ನಮ್ಮನೆಯವರು ಕೂತಿದ್ದು. ಏಳು ತಿಂಗಳು ಇದರಲ್ಲೇ ಇದ್ರು. ಹೋಗಿ ಎರಡೂವರೆ ವರ್ಷ ಆಯ್ತು. ಇಷ್ಟು ದಿನ ನಾನೇ ಇಟ್ಕೊಂಡಿದ್ದೆ, ಕೊಡ್ಲಿಲ್ಲ."

ಅಕ್ಕ ಬಾಗಿಲಿನಿಂದ ಸರಿಯಲಿಲ್ಲ. ರಿಪೇರಿಯವರಿಗೆ ಕನ್ನಡ ತಿಳಿಯದು. ಕುರ್ಚಿಯ ಹಿಡಿಕೆ ಹಿಡಿದು ಚಳಿಯಲ್ಲಿ ನಿಂತಿದ್ದರು. ಒಳಗಿನಿಂದ ಡಾಕ್ಟರ ದನಿ ಬಂತು. ಮಾತು ಆಗಲೇ ತೊದಲುತ್ತಿತ್ತು, ಒಂದೊಂದೇ ಶಬ್ದ.

"ಯಾರದು?"

"ಕುರ್ಚಿ ಬಂದೈತ್ರಿ," ಅಕ್ಕ ತಿರುಗದೆ ಹೇಳಿದರು. "ಇವರ ಯಜಮಾನರು ಕೂತಿದ್ದಂತ."

ಡಾಕ್ಟರು ಕೇಳಿದರು.

"ಆರಾಮ ಇದ್ರೇನು... ಅವರು... ಅದರಾಗ?"

ಎರಡು ವರ್ಷ ಸಾವಿನ ಮನೆಗಳ ಜೊತೆ ಮಾತಾಡಿದ್ದೆ. ಈ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿರಲಿಲ್ಲ, ನನ್ನನ್ನೂ ಯಾರೂ ಕೇಳಿರಲಿಲ್ಲ. ಬಾಗಿಲಾಚೆಯಿಂದಲೇ ಗಟ್ಟಿಯಾಗಿ ಹೇಳಿದೆ.

"ಬೆನ್ನಿಗೆ ಆರಾಮಿತ್ತು ಡಾಕ್ಟ್ರೇ. ಕಾಲು ಊದೋದೂ ಕಮ್ಮಿ ಆಗಿತ್ತು. ಆದ್ರೆ ನಾನು ಲೈಟಿನ ಕೆಳಗೆ ಇಟ್ಟಿದ್ದೆ. ಹಿಂದಕ್ಕೆ ವಾಲಿಸಿದ್ರೆ ಬೆಳಕು ಕಣ್ಣಿಗೆ ಹೊಡೀತಿತ್ತು. ಅವರಿಗೆ ಹೇಳೋಕಾಗ್ಲಿಲ್ಲ, ನನಗೆ ತಿಳೀಲಿಲ್ಲ. ನಿನ್ನೆ ಗೊತ್ತಾಯ್ತು."

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

"ನಿನ್ನೆ?" ಎಂದರು.

"ನಿನ್ನೆ."

ಅವರು ಪಕ್ಕಕ್ಕೆ ಸರಿದರು. ರಿಪೇರಿಯವರು ಕುರ್ಚಿಯನ್ನು ಹೊಸಿಲು ದಾಟಿಸಿದರು. ಬಾಗಿಲಿಗೂ ಚಕ್ರಕ್ಕೂ ನಡುವೆ ಎರಡೂ ಕಡೆ ಒಂದೊಂದು ಇಂಚು ಉಳಿಯಿತು. ಅಕ್ಕ ಒಳಗಿನಿಂದ ಒಂದು ಹಳೆಯ ಕಾಟನ್ ಸೀರೆ ತಂದು ನಾಲ್ಕು ಮಡಿಕೆ ಮಾಡಿ ಆಸನದ ಮೇಲೆ ಹಾಸಿದರು. ನಾವು ಮೂವರೂ ಸೇರಿ ಡಾಕ್ಟರನ್ನು ಕೂರಿಸಿದೆವು. ಆಮೇಲೆ ಅಕ್ಕ ಚಾವಣಿ ನೋಡಿದರು, ಬಲ್ಬು ನೋಡಿದರು, ಕುರ್ಚಿಯನ್ನು ತಾವೇ ಗೋಡೆಯ ಕಡೆಗೆ ತಳ್ಳಿದರು.

"ಇಲ್ಲೆ ಬಡೀತದೇನ್ರಿ ಕಣ್ಣಿಗೆ?"

ಡಾಕ್ಟರು ಸ್ವಲ್ಪ ಹೊತ್ತು ಮೇಲೆ ನೋಡಿ, "ಇಲ್ಲ" ಎಂದರು.

ಚಳಿಗಾಲ ಕಳೆಯಿತು. ಕೆಲಸ ಎಂದಿನಂತೆ ಇತ್ತು: ಅಳತೆ, ತೊಳೆಯುವುದು, ವ್ಯಾನ್, ಫೋನ್. ಜನವರಿಯಲ್ಲಿ ಕೌನ್ಸಿಲ್‌ನಿಂದ ಡಾಕ್ಟರಿಗೆ ಕುರ್ಚಿ ಬಂತಂತೆ. ಇದೇ ಇರಲಿ ಎಂದು ಅವರು ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ನಮ್ಮಂಥ ಸಂಸ್ಥೆಗಳು ಸರ್ಕಾರಕ್ಕೆ ಸೋಮಾರಿತನ ಕಲಿಸುತ್ತವೆಂದು ರಿಪೇರಿಯವರು ಆಮೇಲೂ ಗೊಣಗುತ್ತಿದ್ದರು. ಅವರು ಹೇಳುವುದು ಸರಿಯಿರಬಹುದು. ಆದರೆ ಕೌನ್ಸಿಲ್‌ನ ಕುರ್ಚಿಯ ಜೊತೆ ಅದನ್ನು ಎಲ್ಲಿಡಬಾರದು ಎಂದು ಹೇಳುವವರು ಬರುವುದಿಲ್ಲ. ಅದು ಅವರ ತಪ್ಪೂ ಅಲ್ಲ.

ಮಾರ್ಚಿನಲ್ಲಿ ಡಾಕ್ಟರು ಮನೆಯಲ್ಲೇ ತೀರಿಕೊಂಡರು. ನಾನು ಅಂತ್ಯಕ್ರಿಯೆಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಬಂದೆ. ಕುರ್ಚಿಯ ಮಾತು ಎತ್ತಲಿಲ್ಲ. ಕಾರ್ಡಿನ ಮೇಲೆ ಪೆನ್ಸಿಲ್ಲಿನಲ್ಲಿ ನಾಲ್ಕು ವಾರ ಗುರುತು ಹಾಕಿದೆ. ಐದನೆಯ ವಾರದ ಸೋಮವಾರ ಬೆಳಗ್ಗೆ ಫೋನ್ ಎತ್ತಿಕೊಂಡೆ.

"ಅಕ್ಕ, ಹೇಗಿದ್ದೀರಿ? ಊಟ..."

"ಊಟ ಮಾಡಾಕತ್ತೀನಿ. ಮಗಳು ಲೀಡ್ಸ್‌ನಿಂದ ವಾರಕ್ಕೊಮ್ಮೆ ಬರತಾಳ. ನೀವು ಕುರ್ಚಿಗೆ ಫೋನ್ ಮಾಡೀರಿ, ನನಗೇನು ತಿಳಿಯೂದಿಲ್ಲೇನು?" ಸಣ್ಣಗೆ ನಕ್ಕರು. "ತೊಳದು ಇಟ್ಟೀನಿ. ನಾಳೆ ವ್ಯಾನ್ ಐತಲ್ಲ, ಒಯ್ರಿ. ಚೀಲದಾಗ ಕೈ ಹಾಕಿ ನೋಡೀನಿ, ಏನೂ ಇಲ್ಲ."

"ಆಯ್ತು ಅಕ್ಕ."

"ಲೈಟಿನ ಕೆಳಗ ಒಂದಿನಾನೂ ಇಡಲಿಲ್ಲರಿ."

ನಿಯಮದ ಪ್ರಕಾರ ಆ ಕಡೆಯವರು ಅತ್ತರೆ ಫೋನ್ ಇಡಬೇಕು. ಈ ಕಡೆಯವರ ಬಗ್ಗೆ ನಿಯಮವಿಲ್ಲ. ಅಕ್ಕ ಕಾದರು. ಆಮೇಲೆ ಹೇಳಿದರು.

"ಇದರಾಗ ಯಾರು ಕೂತಿದ್ರು ಅಂತ ಮುಂದಿನವರು ಕೇಳಿದ್ರ, ಇಬ್ಬರ ಹೆಸರೂ ಹೇಳ್ರಿ."

ಮಂಗಳವಾರ ಕುರ್ಚಿ ಬಂತು. ಅಕ್ಕ ತೊಳೆದಿದ್ದರೂ ನಿಯಮದಂತೆ ಮತ್ತೆ ತೊಳೆದೆ, ಒರೆಸಿದೆ, ಟೈರು ನೋಡಿದೆ, ಚೀಲಕ್ಕೆ ಕೈ ಹಾಕಿದೆ. ಮೂವತ್ತೊಂದನೆಯ ಕಾರ್ಡು ತೆಗೆದು ನಮ್ಮನೆಯವರ ಹೆಸರಿನ ಮುಂದೆ ಇಷ್ಟು ದಿನ ಖಾಲಿ ಬಿಟ್ಟಿದ್ದ ಜಾಗದಲ್ಲಿ 'ಮರಳಿತು' ಎಂದು ಬರೆದೆ. ಕೆಳಗೆ ಡಾಕ್ಟರ ಹೆಸರಿನ ಮುಂದೆಯೂ ಬರೆದೆ. ಕಾರ್ಡಿನ ಹಿಂಬದಿಯಲ್ಲಿ, ಅಳತೆಗಳ ಕೆಳಗೆ, ದೀಪದ ಅಡಿಯಲ್ಲಿ ಇಡಬಾರದು ಎಂದು ಎಲ್ಲರಿಗೂ ಓದಲು ಬರುವಂತೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದೆ.

ಇಬ್ಬರ ಹೆಸರಿನ ಕೆಳಗೆ ಇನ್ನೊಂದು ಗೆರೆ ಖಾಲಿ ಇತ್ತು. ಶುಕ್ರವಾರದ ವ್ಯಾನ್ ಹೊರಡುವ ಮೊದಲು ಅದರಲ್ಲೂ ಒಂದು ಹೆಸರು ಬರೆದಾಯಿತು.